ನಾನು, ನನ್ನ, ನನಗೆ: ತನ್ನನ್ನು ತಾನು ಓದಿಕೊಳ್ಳಲು ಐದು ವಾರದ ಕ್ರಮ

ನನಗೆ ಕೋಪ ಬಂತು. ನನಗೆ ಹಸಿವಾಯಿತು. ನನಗೆ ಅಮ್ಮನ ನೆನಪಾಯಿತು. ಈ ಮೂರು ವಾಕ್ಯಗಳಲ್ಲಿ ಯಾವುದಕ್ಕೂ ಕರ್ತೃ ನಾನಲ್ಲ. ಬಂದದ್ದು ಕೋಪ, ಆದದ್ದು ಹಸಿವು ಮತ್ತು ನೆನಪು. ನಾನು ಚತುರ್ಥಿ ವಿಭಕ್ತಿ ಹೊತ್ತುಕೊಂಡು, ನೆಂಟರು ಬಂದಾಗ ಬಾಗಿಲು ತೆರೆದು ಬದಿಗೆ ಸರಿಯುವವನ ಹಾಗೆ ನಿಂತಿದ್ದೇನೆ. ಅದೇ ಮನುಷ್ಯ ಸಂಜೆ ಹೊತ್ತಿಗೆ 'ನಾನು ಕೋಪಿಷ್ಠ' ಎಂದುಬಿಡುತ್ತಾನೆ. ಬಂದು ಹೋದ ನೆಂಟ ಯಜಮಾನನಾಗಿ ಕೂತ.

'ನಾನು ಯಾರು' ಎಂಬ ಪ್ರಶ್ನೆ ಹಿಡಿದು ಕೂತವರು ಬೇಗ ಕೈಬಿಡಲು ಒಂದು ಕಾರಣ, ಅದರೊಳಗೆ ಮೂರು ಪ್ರಶ್ನೆಗಳು ಸಿಕ್ಕುಬಿದ್ದಿರುವುದು. ನನ್ನದು ಎಂದು ನಾನು ಹಿಡಿದುಕೊಂಡಿರುವುದು ಏನೇನು? ನನಗೆ ಏನೇನು ಬರುತ್ತದೆ, ಯಾವಾಗ ಬರುತ್ತದೆ? ಇದೆಲ್ಲ ಬರುವುದು ಯಾರಿಗೆ? ಮೊದಲ ಎರಡಕ್ಕೆ ಮನಃಶಾಸ್ತ್ರದಲ್ಲಿ ಒಳ್ಳೆಯ ಸಲಕರಣೆಗಳಿವೆ. ಮೂರನೆಯದು ತತ್ತ್ವಶಾಸ್ತ್ರದ ಹೊಲ. ಮೂರನೆಯದರಿಂದಲೇ ಹೊರಟರೆ ಬಾಯಿತುಂಬ ಮಾತು ಸಿಗುತ್ತದೆ, ಮೊದಲ ಎರಡರಲ್ಲೇ ನಿಂತರೆ ಒಂದು ಅಚ್ಚುಕಟ್ಟಾದ ಬಯೋಡೇಟಾ ಸಿಗುತ್ತದೆ. ಹಾಗಾಗಿ ಇಲ್ಲಿ ಕ್ರಮ ತಪ್ಪಿಸಬಾರದು: ಮೊದಲು ನನ್ನ, ಆಮೇಲೆ ನನಗೆ, ಕೊನೆಗೆ ನಾನು.

ವ್ಯಾಕರಣ ಯಾವ ತತ್ತ್ವಕ್ಕೂ ಸಾಕ್ಷ್ಯವಾಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ತಮಿಳು, ತೆಲುಗು, ಹಿಂದಿಯಲ್ಲೂ ಈ 'ನನಗೆ' ಇದೆ, ಹಾಗಂತ ಆ ಭಾಷೆ ಆಡುವವರೆಲ್ಲ ವಿರಾಗಿಗಳೇನಲ್ಲ. ಆದರೆ ಸಲಕರಣೆಯಾಗಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ದುಡ್ಡೂ ಬೇಕಿಲ್ಲ.

ಬೇಕಾದದ್ದು 200 ಪುಟದ ಗೆರೆ ನೋಟ್‌ಬುಕ್ಕು, ಪೆನ್ನು, ಅಲಾರಂ ಇರುವ ಫೋನು, ದಿನಕ್ಕೆ ಹೆಚ್ಚೆಂದರೆ 20 ನಿಮಿಷ. ನೋಟ್‌ಬುಕ್ಕು ಯಾರ ಕೈಗೂ ಸಿಗದ ಕಡೆ ಇರಲಿ. ಮನೆಯವರು ಓದಿಯಾರು ಎಂಬ ಅನುಮಾನ ಇದ್ದರೆ ಕೈ ತಾನಾಗಿಯೇ ಒಳ್ಳೆಯವನಾಗಿ ಬರೆಯತೊಡಗುತ್ತದೆ. ಅಂಥ ಮನೆಯಾದರೆ ಪಾಸ್‌ವರ್ಡ್ ಹಾಕಿದ ಫೋನಿನಲ್ಲೇ ಬರೆಯಿರಿ.

ಮೊದಲ ದಿನ: 12 ನಿಮಿಷ, 20 ವಾಕ್ಯ

ಒಂದು ಪುಟದಲ್ಲಿ 1ರಿಂದ 20ರ ತನಕ ಸಂಖ್ಯೆ ಹಾಕಿ. 12 ನಿಮಿಷಕ್ಕೆ ಅಲಾರಂ ಇಡಿ. 'ನಾನು' ಎಂದು ಶುರುವಾಗುವ 20 ವಾಕ್ಯ ಬರೆಯಿರಿ. ಬೇರೆಯವರಿಗೆ ಪರಿಚಯ ಹೇಳುವಂತೆ ಬೇಡ, ನಿಮಗೆ ನೀವೇ ಉತ್ತರ ಕೊಟ್ಟುಕೊಳ್ಳುವಂತೆ. ಯೋಚಿಸಿ ಜೋಡಿಸಬೇಡಿ, ಬಂದ ಕ್ರಮದಲ್ಲೇ ಬರೆಯಿರಿ. ಇದು 1954ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮ್ಯಾನ್‌ಫರ್ಡ್ ಕೂನ್ ಮತ್ತು ಥಾಮಸ್ ಮೆಕ್‌ಪಾರ್ಟ್‌ಲ್ಯಾಂಡ್ ಬಳಸಿದ ಪರೀಕ್ಷೆ. ಜನ ಮೊದಲು ಊರಿಗೆಲ್ಲ ಗೊತ್ತಿರುವ ಪಾತ್ರಗಳನ್ನು ಬರೆಯುತ್ತಾರೆ, ಅವು ಮುಗಿದ ಮೇಲೆ ಗುಣ, ಆಸೆ, ಕೊರಗುಗಳ ಕಡೆ ತಿರುಗುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಎಂಟು ಹತ್ತು ವಾಕ್ಯವಾದ ಮೇಲೆ ಕೈ ನಿಂತರೆ ಅದು ಸಹಜ. ಏಳಬೇಡಿ. ನಿಮಗೆ ಬೇಕಾದ ವಾಕ್ಯಗಳು ಸಾಮಾನ್ಯವಾಗಿ ಆ ನಿಲುಗಡೆಯ ಆಚೆ ಇರುತ್ತವೆ.

ಅಲಾರಂ ಹೊಡೆದ ಮೇಲೆ ಕಾಫಿ ಕುಡಿದು ಬಂದು ಎರಡನೆಯ ಕೆಲಸ ಮಾಡಿ. ಪ್ರತಿ ವಾಕ್ಯದ ಎದುರಿಗೆ ಅದನ್ನೇ 'ನನ್ನ' ಅಥವಾ 'ನನಗೆ' ಹಾಕಿ ತಿರುಗಿಸಿ ಬರೆಯಿರಿ. 'ನಾನು ಮೇಷ್ಟ್ರು' ಎಂಬುದು 'ನನ್ನ ಕೆಲಸ ಮೇಷ್ಟ್ರದ್ದು' ಆಗುತ್ತದೆ. 'ನಾನು ದಪ್ಪ' ಎಂಬುದು 'ನನ್ನ ಮೈ ದಪ್ಪ'. 'ನಾನು ಸೋಮಾರಿ' ಎಂಬುದು 'ನನಗೆ ಬೆಳಿಗ್ಗೆ ಏಳುವುದಕ್ಕೆ ಬೇಸರ'. ಕೆಲವು ಸಲೀಸಾಗಿ ತಿರುಗುತ್ತವೆ, ಕೆಲವು ತಿರುಗುವುದಿಲ್ಲ. 'ನಾನು ಸೋತವನು' ಎಂದು ಬರೆದವರಿಗೆ 'ನನಗೆ ಎರಡು ಸಲ ಸೋಲಾಯಿತು' ಎಂದು ಬರೆಯುವಾಗ ಏನೋ ಮೋಸ ಮಾಡುತ್ತಿರುವಂತೆ ಅನಿಸುತ್ತದೆ. 'ನಾನು ತಾಯಿ' ಎಂಬ ವಾಕ್ಯ ಒಗ್ಗುವುದೇ ಇಲ್ಲ. ತಿರುಗಲು ಒಪ್ಪದ ವಾಕ್ಯಗಳಿಗೆ ಸುತ್ತು ಹಾಕಿ. ಅವು ಸರಿಯೋ ತಪ್ಪೋ ಎಂಬ ತೀರ್ಮಾನ ಈಗ ಬೇಡ. ಯಾವ ಗುಣ, ಯಾವ ಪಾತ್ರ ನಿಮ್ಮ 'ನಾನು' ಜೊತೆ ಅಂಟಿಕೊಂಡಿದೆ ಎಂಬುದಷ್ಟೇ ಬೇಕಾದದ್ದು.

ಬ್ರಹ್ಮಸೂತ್ರಭಾಷ್ಯದ ಪ್ರಾರಂಭದಲ್ಲಿ ಶಂಕರರು ಅಧ್ಯಾಸ ಎಂದು ಕರೆದದ್ದು ಈ ಅಂಟನ್ನೇ. 'ಅಹಮಿದಂ ಮಮೇದಂ', ನಾನು ಇದು, ಇದು ನನ್ನದು: ಲೋಕವ್ಯವಹಾರ ನಡೆಯುವುದೇ ಹೀಗೆ ಎಂದು ಹೇಳಿ ಅವರು ಹೊರಗಿನಿಂದ ಒಳಗೆ ಒಂದು ಪಟ್ಟಿ ಕೊಡುತ್ತಾರೆ. ಹೆಂಡತಿ ಮಕ್ಕಳಿಗೆ ಕುಂದಾದರೆ ನನಗೇ ಕುಂದು ಎನ್ನುವುದು ಮೊದಲು. ನಾನು ದಪ್ಪ, ನಾನು ತೆಳ್ಳಗಿದ್ದೇನೆ ಎಂಬ ದೇಹದ ಮಾತು ಆಮೇಲೆ. ನಾನು ಕುರುಡ, ಕಿವುಡ ಎಂಬ ಇಂದ್ರಿಯದ ಮಾತು ಅದಕ್ಕೂ ಒಳಗೆ. ಕೊನೆಗೆ ಆಸೆ, ಸಂಕಲ್ಪ, ಸಂಶಯ. 1890ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅರಿಯುವ 'ನಾನು' ಬೇರೆ, ಅರಿಯಲ್ಪಡುವ 'ನನ್ನ' ಬೇರೆ ಎಂದು ಗೆರೆ ಎಳೆದು ಆ 'ನನ್ನ'ದೊಳಗೆ ಮೈ, ಬಟ್ಟೆ, ಮನೆ, ಸಂಸಾರ, ಹೆಸರು, ಬುದ್ಧಿಶಕ್ತಿ ಎಲ್ಲವನ್ನೂ ಸೇರಿಸಿದ. ಇಬ್ಬರ ಗುರಿ ಬೇರೆ ಬೇರೆ. ಶಂಕರರಿಗೆ ಅಂಟು ಬಿಡಿಸಬೇಕಿತ್ತು, ಜೇಮ್ಸನಿಗೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕಿತ್ತು. ಆದರೆ ಪಟ್ಟಿ ಬಹುಪಾಲು ಒಂದೇ. ನಿಮ್ಮ 20 ವಾಕ್ಯಗಳನ್ನೂ ಇದೇ ನಾಲ್ಕು ಪದರದಲ್ಲಿ ವಿಂಗಡಿಸಿ: ಜನ ಮತ್ತು ವಸ್ತು, ಮೈ, ಇಂದ್ರಿಯ ಮತ್ತು ಸಾಮರ್ಥ್ಯ, ಮನಸ್ಸು. ಸುತ್ತು ಹಾಕಿದ ವಾಕ್ಯಗಳು ಯಾವ ಪದರದಲ್ಲಿ ಗುಂಪಾಗಿವೆ ಎಂದು ನೋಡಿ.

ಜೇಮ್ಸನ ಇನ್ನೊಂದು ಸಾಮಾನನ್ನೂ ಇಲ್ಲೇ ಬಳಸಬಹುದು. ತನ್ನ ಬಗ್ಗೆ ತನಗಿರುವ ಬೆಲೆ ಒಂದು ಭಿನ್ನರಾಶಿ ಎಂದ ಅವನು: ಮೇಲೆ ಸಾಧಿಸಿದ್ದು, ಕೆಳಗೆ ತಾನು ಆಗಲೇಬೇಕೆಂದುಕೊಂಡದ್ದು. ಮನಃಶಾಸ್ತ್ರದಲ್ಲಿ ತನಗಿಂತ ಹೆಚ್ಚು ಬಲ್ಲವರು ಎದುರಾದರೆ ನಾಚಿಕೆಯಾಗುತ್ತದೆ, ಗ್ರೀಕ್ ಭಾಷೆ ಬಾರದ್ದಕ್ಕೆ ಎಳ್ಳಷ್ಟೂ ಬೇಸರವಿಲ್ಲ ಎಂದು ತನ್ನ ಉದಾಹರಣೆಯನ್ನೇ ಕೊಟ್ಟ. ನಿಮ್ಮ ಕೊರಗಿನ ವಾಕ್ಯಗಳ ಕೆಳಗೆ ಛೇದದಲ್ಲಿ ಏನಿದೆ ಎಂದು ಬರೆಯಿರಿ. 'ನಾನು ಸೋತವನು' ಎಂಬುದರ ಕೆಳಗೆ 'ಮೂವತ್ತರೊಳಗೆ ಬೆಂಗಳೂರಿನಲ್ಲಿ ಸೈಟು' ಎಂದಿರಬಹುದು. ಆ ಛೇದ ಯಾರು ಬರೆದದ್ದು, ನೀವೋ ಚಿಕ್ಕಪ್ಪನೋ, ಎಂದು ಪಕ್ಕದಲ್ಲಿ ಗುರುತು ಹಾಕಿ. ಅಷ್ಟು ಸಾಕು, ಪುಟ ಮಗುಚಿ.

ಎರಡರಿಂದ ಹನ್ನೊಂದನೆಯ ದಿನ: 'ನನಗೆ' ದಾಖಲೆ

ಇಡೀ ಕ್ರಮದ ತಿರುಳು ಇದು, ಸಮಯವನ್ನು ಉದಾರವಾಗಿ ಕೊಡಬೇಕಾದ್ದೂ ಇಲ್ಲಿಯೇ.

ದಿನಕ್ಕೆ ಐದು ಅಲಾರಂ, ಹತ್ತು ದಿನ. ಒಟ್ಟು 50 ನಮೂದು. ಹೊತ್ತು ಗುಂಡಗಿರಬಾರದು: 7:40, 10:15, 1:05, 5:25, 9:10 ಹೀಗೆ ಎಡವಟ್ಟಾಗಿರಲಿ, ದಿನಾ ಬದಲಾಗಲಿ. ಗಂಡನೋ ಹೆಂಡತಿಯೋ ರೂಮ್‌ಮೇಟೋ ಇಟ್ಟುಕೊಟ್ಟರೆ ಇನ್ನೂ ಒಳ್ಳೆಯದು, ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಅಲಾರಂ ಹೊಡೆದಾಗ, ಅದು ಹೊಡೆಯುವುದಕ್ಕೆ ತುಸು ಮುಂಚೆ ಏನು ನಡೆಯುತ್ತಿತ್ತು ಎಂಬುದನ್ನು ಹಿಡಿಯಬೇಕು. 1970ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ರಸೆಲ್ ಹರ್ಲ್‌ಬರ್ಟ್ ಜನರ ಕಿವಿಗೆ ಬೀಪರ್ ಕೊಟ್ಟು ಈ ವಿಧಾನ ಕಟ್ಟಿದ. ಗಾಡಿ ಓಡಿಸುತ್ತಿದ್ದರೆ, ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದರೆ ಆ ನಮೂದನ್ನು ಬಿಟ್ಟುಬಿಡಿ.

ಒಂದೊಂದು ನಮೂದಿಗೆ ನಾಲ್ಕು ತುಂಡು: ಎಲ್ಲಿ, ಯಾರ ಜೊತೆ. ಏನು ಬಂದಿತ್ತು, 'ನನಗೆ' ವಾಕ್ಯದಲ್ಲಿ. ಮೈಯಲ್ಲಿ ಎಲ್ಲಿ. 0ಯಿಂದ 10ರೊಳಗೆ ಎಷ್ಟು. ಮನಸ್ಸಿನಲ್ಲಿ ಒಂದು ಮಾತು ಓಡುತ್ತಿದ್ದರೆ ಅದನ್ನು ಓಡಿದ ಹಾಗೆಯೇ, ತಿದ್ದದೆ, ಉದ್ಧರಣ ಚಿಹ್ನೆಯೊಳಗೆ. ಹೀಗಿರುತ್ತದೆ:

10:15. ಆಫೀಸು, ಮೀಟಿಂಗ್. ನನಗೆ ಮುಜುಗರ ಬಂತು. ಕಿವಿ ಬಿಸಿ, ಗಂಟಲು ಕಟ್ಟಿದ ಹಾಗೆ. 6. 'ಇವರಿಗೆಲ್ಲ ಗೊತ್ತಾಗಿಹೋಯ್ತು.'

ಇದಕ್ಕೆ 30 ಸೆಕೆಂಡು ಸಾಕು. ಆ ಉದ್ಧರಣೆಯ ಮಾತನ್ನು ಅಸಡ್ಡೆ ಮಾಡಬೇಡಿ. ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಚಿಂತನಾ ಚಿಕಿತ್ಸೆಯನ್ನು (ಕಾಗ್ನಿಟಿವ್ ಥೆರಪಿ) ಕಟ್ಟಿದ್ದು ಇಂಥ ತಾನಾಗಿ ಓಡುವ ಮಾತುಗಳ ಮೇಲೆ. ಅವು ಎಷ್ಟು ಚುಟುಕಾಗಿ, ಎಷ್ಟು ಪರಿಚಿತವಾಗಿ ಬಂದುಹೋಗುತ್ತವೆಂದರೆ ಅದೊಂದು ಅಭಿಪ್ರಾಯ ಎಂದೇ ಅನಿಸುವುದಿಲ್ಲ, ಕಂಡ ಸಂಗತಿ ಎಂದೇ ಅನಿಸುತ್ತದೆ.

ರಾತ್ರಿ ಕೂತು ದಿನಚರಿ ಬರೆದರೆ ಸಾಲದೇ ಎಂದರೆ, ಸಾಲದು. ನೆನಪು ಸರಾಸರಿ ತೆಗೆಯುವುದಿಲ್ಲ. ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ ಸೇರಿ ಇಡೀ ದಿನಕ್ಕೆ ಬಣ್ಣ ಬಳಿಯುತ್ತವೆ. ರಾತ್ರಿ ಎಂಟಕ್ಕೆ ನಡೆದ ಜಗಳ ಬೆಳಗಿನ ನೆಮ್ಮದಿಯ ಮೂರು ತಾಸನ್ನು ನುಂಗಿ, 'ಇವತ್ತು ಸರಿ ಇರಲಿಲ್ಲ' ಎಂದು ಬರೆಸುತ್ತದೆ.

ಇನ್ನು ಪದಗಳ ವಿಷಯ. ಆಡುಕನ್ನಡದಲ್ಲಿ 'ಬೇಜಾರು' ಎಂಬುದು ಗೋಣಿಚೀಲ. ಕೆಲಸವಿಲ್ಲದಿದ್ದರೂ ಬೇಜಾರು, ಅತ್ತೆ ಏನೋ ಅಂದರೂ ಬೇಜಾರು, ಸ್ನೇಹಿತ ಸತ್ತರೂ ಬೇಜಾರು. 'ಟೆನ್ಷನ್' ಎಂಬುದು ಇನ್ನೊಂದು ಗೋಣಿಚೀಲ. ಇವೆರಡನ್ನೂ ಬರೆಯಬಹುದು, ಆದರೆ ಬರೆದ ಕೂಡಲೇ ಪಕ್ಕದಲ್ಲಿ ಎರಡನೆಯ ಪದ ಕಡ್ಡಾಯ. ಕನ್ನಡದಲ್ಲಿ ಅದಕ್ಕೆ ಕೊರತೆಯಿಲ್ಲ: ಕಸಿವಿಸಿ, ಮುಜುಗರ, ಮುನಿಸು, ಹಳಹಳಿ, ದಿಗಿಲು, ಕಳವಳ, ತಳಮಳ, ಸಂಕಟ, ಅಸೂಯೆ, ಜುಗುಪ್ಸೆ, ಹತಾಶೆ, ಅಳುಕು, ಬಿಗುಮಾನ, ಒಂಟಿತನ, ಬರೀ ಸುಸ್ತು. ಮುನಿಸಿಗೂ ಕೋಪಕ್ಕೂ ವ್ಯತ್ಯಾಸವಿದೆ: ಬೇಕಾದವರ ಮೇಲೆ ಮಾತ್ರ ಮುನಿಸು ಬರುತ್ತದೆ, ಅದರೊಳಗೆ ಅವರು ಬಂದು ಸಮಾಧಾನ ಮಾಡಲಿ ಎಂಬ ನಿರೀಕ್ಷೆ ಇರುತ್ತದೆ. ಹಳಹಳಿ ಆಗಿಹೋದದ್ದರ ಬಗ್ಗೆ, ಕಳವಳ ಆಗಬಹುದಾದದ್ದರ ಬಗ್ಗೆ. ಹೀಗೆ ಹೆಸರು ಹಚ್ಚುವುದು ಬರೀ ಅಲಂಕಾರವಲ್ಲ. 2007ರಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಚಿತ್ರದ ಮುಖದಲ್ಲಿ ಕಾಣುವ ಭಾವಕ್ಕೆ ಹೆಸರು ಹೇಳಿದವರಲ್ಲಿ ಭಯ, ಆತಂಕ ಎದ್ದಾಗ ಚುರುಕಾಗುವ ಮೆದುಳಿನ ಭಾಗವಾದ ಅಮಿಗ್ಡಲದ ಚಟುವಟಿಕೆ ತಗ್ಗಿತ್ತು. ಎರಡನೆಯ ಪದ ಸಿಕ್ಕ ಕೂಡಲೇ 7 ಇದ್ದದ್ದು 5 ಆದಂತೆ ಅನಿಸಿದರೆ ಎರಡೂ ಸಂಖ್ಯೆ ಬರೆಯಿರಿ.

ಎಡವುವ ಜಾಗಗಳು ಗೊತ್ತಿರುವಂಥವೇ. ಮೂರನೆಯ ದಿನಕ್ಕೆ 'ನನಗೆ ಕೋಪ ಬಂತು' ಹೋಗಿ 'ನಾನು ಮತ್ತೆ ಕೋಪ ಮಾಡಿಕೊಂಡೆ' ಎಂದು ಬರೆಯತೊಡಗುತ್ತೀರಿ. ಆ 'ಮತ್ತೆ' ಎಂಬ ಪದ ಬಂತೆಂದರೆ ದಾಖಲೆ ಹೋಗಿ ತಪ್ಪೊಪ್ಪಿಗೆ ಶುರುವಾಯಿತು ಎಂದೇ ಅರ್ಥ. ಹೊಡೆದು ಹಾಕಿ, ಚತುರ್ಥಿಗೆ ವಾಪಸು ಬನ್ನಿ. ಇನ್ನು ಕೆಲವರು ಮನಸ್ಸು ಕೆಟ್ಟಿದ್ದಾಗಲೇ ಅಲಾರಂ ಒತ್ತಿ ಸುಮ್ಮನಾಗುತ್ತಾರೆ, ಆಗ 50ರಲ್ಲಿ ಬರೀ ತಿಳಿಗೊಳ ಉಳಿಯುತ್ತದೆ. ತಪ್ಪಿದ ನಮೂದಿಗೂ ಒಂದು ಸಾಲು ಇರಲಿ: 'ತಪ್ಪಿತು, ಬರೆಯಲು ಮನಸ್ಸಿರಲಿಲ್ಲ'. 'ಏನೂ ಇರಲಿಲ್ಲ, ಎಲ್ಲೋ ಯೋಚನೆ' ಎಂಬ ನಮೂದು ಮೇಲಿಂದ ಮೇಲೆ ಬಂದರೆ ಗಾಬರಿ ಬೇಡ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಫೋನಿನ ಮೂಲಕ 2,250 ಜನರನ್ನು ಹೀಗೇ ಕೇಳಿದಾಗ 46.9 ಶೇಕಡ ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ. ಎಲ್ಲಿಗೆ ಹೋಗಿತ್ತು ಎಂದಷ್ಟು ಬರೆಯಿರಿ.

'ಯಾಕೆ' ಎಂಬ ಹಳ್ಳ

ದಾಖಲೆಯಲ್ಲಿ 'ಯಾಕೆ' ಎಂಬ ಅಂಕಣ ಇಲ್ಲದ್ದನ್ನು ಗಮನಿಸಿರಬಹುದು. ಬೇಕೆಂದೇ ಬಿಟ್ಟದ್ದು. ಕೇಳಿದರೆ ಮನಸ್ಸು ಯಾವತ್ತೂ ಬರಿಗೈಯಲ್ಲಿ ಬರುವುದಿಲ್ಲ, ಒಂದು ಕಾರಣ ತಂದೇ ತರುತ್ತದೆ. ಆದರೆ ಅದನ್ನು ಎಲ್ಲಿಂದ ತಂದಿತು?

ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಂಗಡಿಯೊಂದರ ಪ್ರಯೋಗವಿದೆ. ಸಾಲಾಗಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟು, ಯಾವುದರ ಗುಣಮಟ್ಟ ಚೆನ್ನ ಎಂದು ಗಿರಾಕಿಗಳನ್ನು ಕೇಳಿದರು. ನಾಲ್ಕೂ ತದ್ರೂಪಿ. ಎಡತುದಿಯದನ್ನು ಆರಿಸಿದವರು 12 ಶೇಕಡ, ಬಲತುದಿಯದನ್ನು ಆರಿಸಿದವರು 40 ಶೇಕಡ. ಯಾಕೆ ಎಂದು ಕೇಳಿದಾಗ ಹೆಣಿಗೆ, ನಯ ಎಂದೆಲ್ಲ ಹೇಳಿದರು. ಇಟ್ಟ ಜಾಗದ ಮಾತನ್ನು ತಾವಾಗಿ ಯಾರೂ ಎತ್ತಲಿಲ್ಲ. 2005ರಲ್ಲಿ ಸ್ವೀಡನ್ನಿನ ಪೆಟ್ಟರ್ ಜೊಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋದರು. ಎರಡು ಮುಖಗಳ ಚಿತ್ರದಲ್ಲಿ ಒಂದನ್ನು ಆರಿಸಲು ಹೇಳಿ, ಕೈಚಳಕದಿಂದ ಇನ್ನೊಂದನ್ನು ಕೈಗಿಟ್ಟು, ಇದನ್ನೇಕೆ ಆರಿಸಿದಿರಿ ಎಂದು ಕೇಳಿದರು. ಬಹುಪಾಲು ಸಲ ಜನರಿಗೆ ಅದಲುಬದಲು ಗೊತ್ತೇ ಆಗಲಿಲ್ಲ. ತಾವು ಬೇಡವೆಂದ ಮುಖ ತಮಗೇಕೆ ಇಷ್ಟವಾಯಿತೆಂದು ವಿವರಿಸಿದರು.

ಇವರು ಸುಳ್ಳು ಹೇಳಿದರು ಎನ್ನುವಂತಿಲ್ಲ. 'ಇಂಥದ್ದಕ್ಕೆ ಜನ ಸಾಮಾನ್ಯವಾಗಿ ಏನು ಕಾರಣ ಕೊಡುತ್ತಾರೆ' ಎಂಬ ಲೋಕಜ್ಞಾನವನ್ನೇ ಒಳಗಿನಿಂದ ಕಂಡದ್ದು ಎಂದು ನಂಬಿದರು, ಅಷ್ಟೇ. 'ಚಿಕ್ಕಂದಿನಲ್ಲಿ ಅಪ್ಪ ಹೊಗಳಲಿಲ್ಲ, ಅದಕ್ಕೇ ನಾನು ಹೀಗೆ' ಎಂಬ ಮಾತು ನಿಜವಿರಬಹುದು. ಆದರೆ ಅದು ನಿಮಗೆ ಹೊಳೆದದ್ದು ನಿಮ್ಮ ಒಳಗನ್ನು ನೋಡಿಯೋ, ಯಾವುದೋ ರೀಲ್ಸ್ ನೋಡಿಯೋ ಎಂದು ಹೇಳುವುದು ಕಷ್ಟ.

ಹಾಗಾಗಿ 12, 13, 14ನೆಯ ದಿನ 'ಯಾಕೆ' ಬಿಟ್ಟು ಎಣಿಸಿ. ಒಂದು ಹಾಳೆಯಲ್ಲಿ ಅತಿ ಹೆಚ್ಚು ಬಂದ ಮೂರು ಭಾವಗಳನ್ನು ಬರೆದು, ಪ್ರತಿಯೊಂದಕ್ಕೂ ಯಾವ ಹೊತ್ತು, ಎಲ್ಲಿ, ಯಾರ ಮುಂದೆ, ಏನಾದ ಮೇಲೆ ಎಂದು ಗೀಟು ಹಾಕುತ್ತ ಹೋಗಿ. 50ರಲ್ಲಿ 11 ಸಲ ಸಿಡುಕು ಬಂದಿದೆ, ಅದರಲ್ಲಿ 8 ಊಟಕ್ಕೆ ಮುಂಚೆ ಎಂದಿಟ್ಟುಕೊಳ್ಳಿ. ಹತ್ತು ವರ್ಷದಿಂದ ಹೇಳಿಕೊಂಡು ಬಂದ 'ಮ್ಯಾನೇಜರ್ ಸರಿ ಇಲ್ಲ' ಎಂಬ ಕತೆಗೆ ಪಕ್ಕದಲ್ಲಿ ಹಸಿವು ಎಂಬ ಇನ್ನೊಬ್ಬ ಆರೋಪಿ ಬಂದು ನಿಂತ ಹಾಗಾಯಿತು. ಇನ್ನೂ ಅವನೇ ಎಂದು ತೀರ್ಪು ಕೊಡಬೇಡಿ, 11 ಬಹಳ ಚಿಕ್ಕ ಸಂಖ್ಯೆ. ಮೂರನೆಯ ವಾರದಲ್ಲಿ ಐದು ದಿನ ಒಂದನ್ನೇ ಬದಲಿಸಿ ನೋಡಿ: ಹನ್ನೊಂದು ಗಂಟೆಗೆ ಎರಡು ಬಾಳೆಹಣ್ಣು. ಬೇರೆ ಏನನ್ನೂ ಬದಲಿಸಬೇಡಿ, ಅದೇ ಐದು ಅಲಾರಂ ಮುಂದುವರಿಸಿ. ಬಾಳೆಹಣ್ಣು, ವಾಕಿಂಗ್, ಧ್ಯಾನ ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ಆರಾಮವಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಫೋನಿನಲ್ಲಿ ಬರುವ ವ್ಯಕ್ತಿತ್ವ ಪರೀಕ್ಷೆಗಳನ್ನೂ ರಾಶಿಫಲವನ್ನೂ ಈ ಐದು ವಾರ ದೂರ ಇಡಿ. 1949ರಲ್ಲಿ ಪ್ರಕಟವಾದ ಬರ್ಟ್ರಾಮ್ ಫೋರರ್ ಪ್ರಯೋಗದಲ್ಲಿ 39 ವಿದ್ಯಾರ್ಥಿಗಳಿಗೆ 'ನಿಮಗಾಗಿಯೇ ಬರೆದದ್ದು' ಎಂದು ವ್ಯಕ್ತಿಚಿತ್ರ ಕೊಡಲಾಯಿತು. ಎಲ್ಲರಿಗೂ ಕೊಟ್ಟದ್ದು ಒಂದೇ, ಬಹುಪಾಲು ವಾಕ್ಯಗಳನ್ನು ಎತ್ತಿಕೊಂಡದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ. 5ಕ್ಕೆ ಸರಾಸರಿ 4.26 ಅಂಕ ಬಿತ್ತು. ನಿಮ್ಮ ಮೊದಲ ದಿನದ 20 ವಾಕ್ಯಕ್ಕೂ ಇದೇ ಪರೀಕ್ಷೆ ಒಡ್ಡಿ: ಇದನ್ನು ಪಕ್ಕದ ಮನೆಯವರ ಬಗ್ಗೆ ಹೇಳಿದರೂ ಹೊಂದುತ್ತದೆಯೇ? 'ನಾನು ಹೊರಗೆ ಗಟ್ಟಿ, ಒಳಗೆ ಮೆತ್ತಗೆ' ಎಂಬ ವಾಕ್ಯ ಇದ್ದರೆ ಅದನ್ನು ಹೊಡೆದು ಹಾಕಲು ಹಿಂಜರಿಯಬೇಡಿ, ಅದು ಇಡೀ ಬೀದಿಗೆ ಹೊಂದುತ್ತದೆ.

ನಾಲ್ಕನೆಯ ವಾರ: ಮೂವರನ್ನು ಕೇಳುವುದು

ಒಳಗಿನ ಕಳವಳ, ಅಳುಕು ಎಷ್ಟಿದೆ ಎಂಬುದನ್ನು ನಾವೇ ಚೆನ್ನಾಗಿ ಬಲ್ಲೆವು. ಎಷ್ಟು ಬುದ್ಧಿವಂತರು, ಎಷ್ಟು ಸೃಜನಶೀಲರು ಎಂಬಂಥ, ಹೊಗಳಿಕೆಯೋ ತೆಗಳಿಕೆಯೋ ಆಗುವ ಗುಣಗಳಲ್ಲಿ ನಮಗಿಂತ ಸ್ನೇಹಿತರ ಅಂದಾಜೇ ವಾಸಿ. ಮನಃಶಾಸ್ತ್ರಜ್ಞೆ ಸಿಮಿನ್ ವಜೀರೆ 2010ರಲ್ಲಿ ತೋರಿಸಿದ್ದು ಇದು. ಅದಕ್ಕೂ ಮೊದಲು, 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿ ಇಂಗಮ್ ತಮ್ಮ ಹೆಸರುಗಳನ್ನು ಬೆಸೆದು ಮಾಡಿದ ಜೋಹರಿ ಕಿಟಕಿ ಎಂಬ ನಾಲ್ಕು ಮನೆಯ ಚಿತ್ರದಲ್ಲಿ, ಇತರರಿಗೆ ಕಂಡು ನಮಗೆ ಕಾಣದ ಮನೆಯೊಂದು ಇದೆ. ಅದರ ಬಾಗಿಲು ಹೊರಗಿನಿಂದಲೇ ತೆಗೆಯಬೇಕು.

ಮೂವರು ಸಾಕು: ಮನೆಯ ಒಬ್ಬರು, ಜೊತೆಗೆ ಕೆಲಸ ಮಾಡುವ ಒಬ್ಬರು, ಹತ್ತು ವರ್ಷಕ್ಕಿಂತ ಹಳೆಯ ಸ್ನೇಹಿತರೊಬ್ಬರು. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಬೇಡಿ, ನಿಮ್ಮಿಂದ ಸಾಲ ಪಡೆದವರನ್ನಂತೂ ಬೇಡವೇ ಬೇಡ. 'ನಾನು ಹೇಗೆ?' ಎಂದು ಕೇಳಿದರೆ 'ಒಳ್ಳೆಯವನಪ್ಪಾ' ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಸಂದರ್ಭ ಹಿಡಿದು ಕೇಳಿ. ಅಕ್ಕನ ಹತ್ತಿರ: 'ಅಕ್ಕಾ, ನಾನು ಸಿಡುಕ್ತೀನಿ ಅಂತ ನಿನಗೆ ಮೊದಲೇ ಗೊತ್ತಾಗುತ್ತಲ್ಲ, ಏನು ನೋಡಿ ಗೊತ್ತಾಗುತ್ತೆ?' ಸಹೋದ್ಯೋಗಿಯ ಹತ್ತಿರ: 'ಯಾವ ವಿಷಯ ನನ್ನ ಹತ್ತಿರ ಹೇಳೋದಕ್ಕೆ ನೀವು ಎರಡು ಸಲ ಯೋಚನೆ ಮಾಡ್ತೀರಿ?' ಉತ್ತರ ಬಂದಾಗ ನಿಮ್ಮ ಬಾಯಲ್ಲಿ ಒಂದೇ ಮಾತು: 'ಸರಿ, ಬರ್ಕೊಂಡೆ.' ಸಮಜಾಯಿಷಿ ಕೊಡಲು ಶುರು ಮಾಡಿದಿರೋ, ಮುಂದಿನ ಉತ್ತರ ಸಕ್ಕರೆ ಹಚ್ಚಿಕೊಂಡು ಬರುತ್ತದೆ. ಗಂಡ ಹೆಂಡಿರ ನಡುವೆ ಇದು ಹಳೆಯ ಲೆಕ್ಕ ತೀರಿಸುವ ಕಡೆಗೆ ಜಾರುವ ಸಂಭವ ಹೆಚ್ಚು, ಆದ್ದರಿಂದ ಮನೆಯ ಒಬ್ಬರು ಸಂಗಾತಿಯೇ ಆಗಬೇಕೆಂದಿಲ್ಲ. ಒಬ್ಬರೇ ಹೇಳಿದ್ದನ್ನು ಪಕ್ಕಕ್ಕಿಡಿ, ಇಬ್ಬರು ಹೇಳಿದ್ದನ್ನು ಗುರುತು ಮಾಡಿ, ಮೂವರೂ ಹೇಳಿದ್ದು ನಿಮ್ಮ 20ರಲ್ಲಿ ಇದೆಯೇ ಎಂದು ಹುಡುಕಿ.

ಮುಂದೆ ಹೋಗುವ ಮುನ್ನ

ದಾಖಲೆ ಬರೆಯುತ್ತ ಹಳೆಯ ಒಂದು ಘಟನೆ ಪದೇ ಪದೇ ಮೇಲೆದ್ದು ಬರುತ್ತಿದ್ದರೆ ಅದಕ್ಕೆ ಬೇರೆ ಉಪಾಯವಿದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಂದ ನಾಲ್ಕು ದಿನ ಸತತವಾಗಿ, ದಿನಕ್ಕೆ 15 ನಿಮಿಷ, ಕಾಡುವ ಘಟನೆಯ ಬಗ್ಗೆ ಬರೆಸಿದರು. ನಡೆದದ್ದು, ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು, ಇದನ್ನು ತಿಳಿದೇ ಕೂರಿ. ಮಲಗುವ ಮುಂಚೆ ಬರೆಯಬೇಡಿ. ನಾಲ್ಕು ದಿನಕ್ಕೆ ನಿಲ್ಲಿಸಿ. ಬರೆದಷ್ಟೂ ಸುತ್ತು ಬಿಗಿಯುತ್ತಿದ್ದರೆ ಅದು ಬಿಡುಗಡೆಯಲ್ಲ, ಮೆಲುಕು.

ಎರಡು ವಾರದಿಂದ ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಸುತ್ತಲಿನದು ಗಾಜಿನಾಚೆ ಇದ್ದಂತೆ ಸುಳ್ಳುಸುಳ್ಳಾಗಿ ಕಾಣುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಐದನೆಯ ವಾರದ ಅಭ್ಯಾಸ ನಿಮಗೆ ಈಗ ಸಲ್ಲದು. 'ನಾನು ಇದಲ್ಲ' ಎಂಬ ವಿಚಾರ ಆ ಸ್ಥಿತಿಯಲ್ಲಿ ಔಷಧಿಯಾಗುವ ಬದಲು ಖಾಯಿಲೆಗೆ ಮೇವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳು.

ಐದನೆಯ ವಾರ: ಬಂದದ್ದು ಯಾರಿಗೆ

ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲೂ ಶಂಕರರ ಹೆಸರಿನಲ್ಲೂ ಹೇಳಲಾಗುವ ದೃಗ್ದೃಶ್ಯವಿವೇಕ ಎಂಬ ವೇದಾಂತ ಗ್ರಂಥದ ಮೊದಲ ಶ್ಲೋಕಗಳೇ ಈ ವಾರದ ಪಾಠ. ರೂಪವನ್ನು ಕಣ್ಣು ನೋಡುತ್ತದೆ. ಕಣ್ಣು ಮಂಜಾಗಿದೆಯೋ ಚುರುಕಾಗಿದೆಯೋ ಎಂದು ಮನಸ್ಸು ಅರಿಯುತ್ತದೆ. ಮನಸ್ಸಿನ ಏರಿಳಿತ ಸಾಕ್ಷಿಗೆ, ಅಂದರೆ ಒಳಗೆ ಸುಮ್ಮನೆ ನೋಡುವ ಅರಿವಿಗೆ, ಕಾಣುತ್ತದೆ. ಸಾಕ್ಷಿ ಮಾತ್ರ ಯಾರಿಗೂ ಕಾಣುವ ವಸ್ತುವಾಗುವುದಿಲ್ಲ.

ಏಳು ದಿನ, ದಿನಕ್ಕೆ 20 ನಿಮಿಷ, ಬೆಳಿಗ್ಗೆ, ಕುರ್ಚಿಯ ಮೇಲಾದರೂ ಸರಿ. ಮೊದಲ 5 ನಿಮಿಷ ಸದ್ದು: ಕುಕ್ಕರ್ ಸೀಟಿ, ಹಾಲಿನವನ ಬೈಕು, ಫ್ಯಾನು. ಪ್ರತಿಯೊಂದಕ್ಕೂ 'ನನಗೆ ಕೇಳಿಸಿತು' ಎಂದು ಒಳಗೇ ಹೇಳಿಕೊಳ್ಳಿ. ಮುಂದಿನ 5 ಮೈ: ಮಂಡಿ ನೋವು, ಹೊಟ್ಟೆಯ ಗುಡುಗುಡು, 'ನನಗೆ ಗೊತ್ತಾಯಿತು'. ಅದರ ಮುಂದಿನ 5 ಯೋಚನೆ: ಕರೆಂಟ್ ಬಿಲ್ಲು, ನಿನ್ನೆಯ ಮಾತು, 'ನನಗೆ ಯೋಚನೆ ಬಂತು'. ಕೊನೆಯ 5 ನಿಮಿಷದಲ್ಲಿ ಆ ವಾಕ್ಯದ ಮುಂಭಾಗವನ್ನು ಹಿಡಿಯಿರಿ. ಈ 'ನನಗೆ' ಎಂಬುದು ಎಲ್ಲಿದೆ? ಕೇಳಿಸಿಕೊಂಡವನು, ನೋವು ಅರಿತವನು, ಯೋಚನೆ ಕಂಡವನು ಮೂವರೋ ಒಬ್ಬನೋ?

ಬೇಗ ಸಿಗುವ ಉತ್ತರವೇ ಇಲ್ಲಿಯ ದೊಡ್ಡ ತಪ್ಪು. ಕಣ್ಣಿನ ಹಿಂದೆ ಒಬ್ಬ ಪುಟ್ಟ ಮನುಷ್ಯ ಕೂತು ಸಿನಿಮಾ ನೋಡುತ್ತಿದ್ದಾನೆ ಎಂಬ ಚಿತ್ರ ತಾನಾಗಿ ಮೂಡುತ್ತದೆ, 'ಸಿಕ್ಕಿತು, ಇದೇ ಸಾಕ್ಷಿ' ಎಂದು ಸಂತೋಷವಾಗುತ್ತದೆ. ಆ ಚಿತ್ರವೂ ನಿಮಗೆ ಕಂಡಿತಲ್ಲ, ಹಾಗಾದರೆ ಅದೂ ಕಾಣುವ ವಸ್ತುಗಳ ಪಟ್ಟಿಗೇ ಸೇರಿತು. ಆ ಸಂತೋಷವೂ ಹಾಗೆಯೇ. ಅರಿಯುವವನನ್ನು ಯಾವುದರಿಂದ ಅರಿಯುವುದು ಎಂದು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಹೆಂಡತಿ ಮೈತ್ರೇಯಿಗೆ ಹೇಳಿದ ಮಾತು ಗಾದೆಯಂತೆ ಉದ್ಧರಿಸುವುದಕ್ಕೆ ಸುಲಭ, ಏಳು ಬೆಳಗು ಎದುರಿಸುವುದು ಬೇರೆಯೇ ಕೆಲಸ. ಇನ್ನೊಂದು ತಪ್ಪು, ಈ ಅಭ್ಯಾಸವನ್ನು ಮನೆಯ ಜಗಳದಲ್ಲಿ ಬಳಸುವುದು. ಹೆಂಡತಿ ಕಷ್ಟ ಹೇಳಿಕೊಳ್ಳುವಾಗ 'ಸಾಕ್ಷಿಯಾಗಿ' ಕೂರುವವನಿಗೆ ಬಂದಿರುವುದು ವೈರಾಗ್ಯವಲ್ಲ, ಉದಾಸೀನ.

ನಿದ್ದೆಯನ್ನೂ ಬಿಡಬೇಡಿ. ಎದ್ದ ಕೂಡಲೇ, ಫೋನ್ ಮುಟ್ಟುವ ಮುಂಚೆ, ಒಂದು ಸಾಲು: ಕನಸಿಲ್ಲದ ನಿದ್ದೆಯ ಬಗ್ಗೆ ನಿಮಗೆ ಏನು ಗೊತ್ತು, ಅದು ಹೇಗೆ ಗೊತ್ತು? 'ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ' ಎನ್ನುತ್ತೇವಲ್ಲ, ಅದು ನೆನಪೇ ಎಂದು ಅದ್ವೈತಿಗಳು ವಾದಿಸುತ್ತಾರೆ: ಗೊತ್ತಾಗದಿದ್ದುದನ್ನು ಅರಿತವನು ಒಬ್ಬ ಇದ್ದ. ನ್ಯಾಯದರ್ಶನದವರಾದ ನೈಯಾಯಿಕರು ಅದು ಊಹೆ ಎನ್ನುತ್ತಾರೆ: ಮೈ ಹಗುರಾಗಿದೆ, ಹೊತ್ತು ಹೋಗಿದೆ, ಆದ್ದರಿಂದ ಚೆನ್ನಾಗಿ ಮಲಗಿದ್ದಿರಬೇಕು. ಏಳೂ ಬೆಳಿಗ್ಗೆ 'ನೆನಪು' ಅಥವಾ 'ಊಹೆ' ಎಂದು ಬರೆಯಿರಿ, ಎರಡೂ ಅಲ್ಲ ಅನಿಸಿದರೆ ಅದನ್ನೂ.

ವಾರ ಮುಗಿದಾಗ ಕೈಯಲ್ಲಿರುವುದು ಅನುಭವದ ದಾಖಲೆ. ಅದಕ್ಕೆ ಅರ್ಥ ಹಚ್ಚುವಲ್ಲಿ ಹಿರಿಯರು ಒಮ್ಮತಕ್ಕೆ ಬಂದಿಲ್ಲ. 1739ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಇದೇ ಹುಡುಕಾಟ ಮಾಡಿ, ಬಿಸಿ, ತಂಪು, ಪ್ರೀತಿ, ದ್ವೇಷ ಇವೇ ಸಿಗುತ್ತವೆ ಹೊರತು 'ನಾನು' ಎಂಬುದು ಕೈಗೆ ಸಿಗುವುದಿಲ್ಲ, ಆದ್ದರಿಂದ ಅದು ಅನುಭವಗಳ ಒಂದು ಕಂತೆ ಎಂದ. ಬೌದ್ಧ ಭಿಕ್ಷು ನಾಗಸೇನ ರಾಜ ಮಿಲಿಂದನಿಗೆ ರಥವನ್ನು ತೋರಿಸಿ, ಗಾಲಿ ರಥವೇ, ಅಚ್ಚು ರಥವೇ ಎಂದು ಕೇಳುತ್ತ ಹತ್ತಿರದ ಮಾತನ್ನೇ ಹೇಳಿದ್ದ. ಸಿಗದಿರುವುದಕ್ಕೆ ಕಾರಣ ಹುಡುಕುತ್ತಿರುವವನೇ ಅದು ಎನ್ನುತ್ತದೆ ಶೃಂಗೇರಿಯ ಅದ್ವೈತ. ಉಡುಪಿಗೆ ಹೋದರೆ, ಸಾಕ್ಷಿ ಎಂಬುದು ಪ್ರತಿ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ, ನಿಮ್ಮ ಸಾಕ್ಷಿ ನಿಮ್ಮದೇ, ಅದು ತನ್ನನ್ನು ತಾನು ನೇರವಾಗಿ ಅರಿಯುತ್ತದೆ ಎಂಬುದು ಮಧ್ವರ ಮತ. ಮೇಲುಕೋಟೆಯ ರಾಮಾನುಜರ ಪರಂಪರೆಯಲ್ಲಿ 'ನಾನು' ಎಂಬ ಅರಿವು ಅಂಟಿಕೊಂಡ ಭ್ರಮೆಯೇ ಅಲ್ಲ, ಆತ್ಮ ಹೊಳೆಯುವುದೇ 'ನಾನು' ಎಂದು. ಒಂದೇ ರಾಜ್ಯದ ಮೂರು ಊರು, ಮೂರು ಉತ್ತರ. ನಿಮ್ಮ ಮನೆತನದ ಮಠದ ಉತ್ತರವನ್ನು ಮೊದಲೇ ಬರೆದಿಟ್ಟು ಅದಕ್ಕೆ ಅನುಭವವನ್ನು ಹೊಂದಿಸಬೇಡಿ. ಏಳು ದಿನದ ನಮೂದನ್ನು ಎದುರಿಗಿಟ್ಟುಕೊಂಡು, ಯಾರ ಮಾತು ಅದರಲ್ಲಿ ಎಷ್ಟು ಸಾಲಿಗೆ ಹೊಂದುತ್ತದೆ, ಯಾವ ಸಾಲಿಗೆ ಹೊಂದುವುದಿಲ್ಲ ಎಂದು ಅಂಚಿನಲ್ಲಿ ಬರೆಯಿರಿ.

ಮೂವತ್ತಾರನೆಯ ದಿನ ಮೊದಲ ಪುಟ ನೋಡದೆ ಮತ್ತೆ 12 ನಿಮಿಷ, 20 ವಾಕ್ಯ. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಡಿ. ಕೆಲವು ಗುಣವಾಚಕ ಉದುರಿ ಅವುಗಳ ಜಾಗದಲ್ಲಿ 'ಊಟಕ್ಕೆ ಮುಂಚೆ', 'ಅಣ್ಣನ ಮುಂದೆ' ಎಂಬಂಥ ಹೊತ್ತು ಗೊತ್ತು ಸೇರಿಕೊಂಡಿರಬಹುದು. ಸುತ್ತು ಹಾಕಿದ್ದರಲ್ಲಿ ಒಂದೆರಡು ಹಾಗೇ ಉಳಿದಿರಬಹುದು, ಅವನ್ನು ಕಿತ್ತು ಹಾಕಬೇಕೆಂದೇನೂ ಇಲ್ಲ. ಎರಡು ಪುಟಕ್ಕೂ ದಿನಾಂಕ ಹಾಕಿ, ಪಿನ್ ಹೊಡೆದು, ಮುಂದಿನ ಯುಗಾದಿಯ ಹೊತ್ತಿಗೆ ಸಿಗುವಂಥ ಜಾಗದಲ್ಲಿ ಇಡಿ.